ದುಗ್ಗಮ್ಮನ ಜಾತ್ರೆ ಸೆಪ್ಟೆಂಬರಲ್ಲಿ ಬಂದ ಕಥೆ

ಎಲ್ರಿಗೂ ನಮಸ್ಕಾರ. ಅಧ್ಯಕ್ಷರು ನನ್ನ ಬಗ್ಗೆ ಹೇಳಿದ್ದರಲ್ಲಿ ಅರ್ಧ ಸುಳ್ಳು, ಆದ್ರೆ ಕೇಳೋಕೆ ಚೆನ್ನಾಗಿತ್ತು, ಹಂಗಾಗಿ ತಿದ್ದೋಕೆ ಹೋಗಲ್ಲ. ಹಿಂದಿನವ್ರಿಗೆ ಮೈಕ್ ಕೇಳ್ತಾ ಐತಾ? ಫ್ಯಾನ್ ಕೆಳಗೆ ಕೂತಿರೋರು ತೂಕಡಿಸ್ಬೇಡ್ರಿ, ತಲೆ ಆಡ್ಸಿದ್ರೆ ಒಪ್ಕೊಂಡ್ರಿ ಅಂತ ತಿಳ್ಕೋತೀನಿ.

ಇವತ್ತು ಮಾತಾಡೋಕೆ ಬಂದಿರೋದು ಇಂಗ್ಲಿಷಿನ ಒಂದು ಚೂರು ಬಗ್ಗೆ, 'ಬೈ'. ಹೊರಡ್ತಾ ಕೈ ಆಡ್ಸಿ ಹೇಳೋ ಬೈ ಅಲ್ಲ, ನಮ್ಮನೆಯವ್ರು ನನ್ನ ಬೈಯೋ ಬೈನೂ ಅಲ್ಲ, ಬೈಸಿಕಲ್ಲಿನ ಬೈ. ಲ್ಯಾಟಿನ್‌ನಿಂದ ಬಂದಿದ್ದು, 'ಎರಡು' ಅಂತನೂ ಆಗುತ್ತೆ 'ಎರಡು ಸಲ' ಅಂತನೂ ಆಗುತ್ತೆ, ಇಡೀ ರಗಳೆ ಇಲ್ಲೇ ಶುರು.

ನನ್ ಮಗ ಬೆಂಗಳೂರಲ್ಲಿ ಕೆಲಸ ಮಾಡ್ತಾನೆ. ಅವನ ಜೊತೆ ಒಬ್ಬ ಕೋಲ್ಕತ್ತಾ ಹುಡುಗ ಇದಾನೆ, ದುರ್ಗಾಪೂಜೆ ಊರಿನವನು. ನಮ್ಮೂರು ದಾವಣಗೆರೆಯಲ್ಲೂ ದುರ್ಗಾಂಬಿಕೆ, ಅಂದ್ರೆ ನಮ್ಮ ದುಗ್ಗಮ್ಮ, ಇದಾಳೆ ಅಂತ ಗೊತ್ತಾದ ಮೇಲೆ ಅವನಿಗೆ ಹಿಡಿಸ್ಬಿಡ್ತು, ಜಾತ್ರೆ ನೋಡ್ಬೇಕು ಅಂತ ಗಂಟುಬಿದ್ದ. 2024ರ ಮಾರ್ಚಲ್ಲಿ ಜಾತ್ರೆ. ಬರೋಕೆ ರಜೆ ಸಿಗ್ಲಿಲ್ಲ, ವಾಟ್ಸಾಪಲ್ಲಿ ಅತ್ತ. ನಾನು ಸಮಾಧಾನ ಮಾಡೋಣ ಅಂತ, ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ಜಂಬ ಬೇರೆ, ಟೈಪ್ ಮಾಡಿದೆ, ಚಿಂತೆ ಮಾಡ್ಬೇಡ, ಇದು 'ಬೈಆನ್ಯುಯಲ್' ಜಾತ್ರೆ, ಮುಂದಿನ ಸಲ ಬಾ ಅಂತ.

ಸೆಪ್ಟೆಂಬರ್ ತಿಂಗಳು, ಭಾನುವಾರ ಬೆಳಿಗ್ಗೆ ಏಳಕ್ಕೆ ಬೆಲ್ ಆಯ್ತು. ಹಾಲಿನವನು ಅಂತ ಪಾತ್ರೆ ಹಿಡ್ಕೊಂಡೇ ಬಾಗಿಲು ತೆಗೆದೆ. ನೋಡಿದ್ರೆ ಈ ಹುಡುಗ, ಅವನ ಹಿಂದೆ ಇನ್ನಿಬ್ರು ಸ್ನೇಹಿತರು, ಕೈಯಲ್ಲಿ ರಸಗುಲ್ಲದ ಡಬ್ಬಿ. "ಅಂಕಲ್, ಸರ್‌ಪ್ರೈಸ್!" ಅಂದ. ಸರ್‌ಪ್ರೈಸೇ ಆಯ್ತು ಬಿಡ್ರಿ. ನನ್ ಮಗ ಆ ತಿಂಗಳು ಹೊರದೇಶಕ್ಕೆ ಹೋಗಿದ್ದ, ಅವನಿಗೂ ಹೇಳಿರ್ಲಿಲ್ಲ. ಈ ಹುಡುಗ ಲೆಕ್ಕ ಹಾಕಿದ್ದು ಸರಿನೇ ಇತ್ತು, ಬೈಆನ್ಯುಯಲ್ ಅಂದ್ರೆ ವರ್ಷಕ್ಕೆ ಎರಡು ಸಲ, ಮಾರ್ಚ್ ಆದ್ಮೇಲೆ ಆರು ತಿಂಗಳಿಗೆ ಸೆಪ್ಟೆಂಬರ್. ನಾನು ಬರೀಬೇಕಿದ್ದಿದ್ದು 'ಬೈಎನಿಯಲ್', ಎರಡು ವರ್ಷಕ್ಕೆ ಒಂದ್ಸಲ. ಒಂದು ಸ್ಪೆಲಿಂಗಿಗೆ ಒಂದೂವರೆ ವರ್ಷ ಹೆಚ್ಚುಕಮ್ಮಿ!

ನಮ್ಮನೆಯವ್ರು ಒಳಗಿಂದ ಬಂದು ಮೂರೂ ಜನರ ಮುಖ ನೋಡಿದ್ರು, ಆಮೇಲೆ ನನ್ ಮುಖ ನೋಡಿದ್ರು. ಮನೇಲಿ ಹಿಂದಿನ ದಿನದ ತಂಗಳನ್ನ ಚಿತ್ರಾನ್ನಕ್ಕೆ ಅಂತ ಎತ್ತಿಟ್ಟಿದ್ದು ಅಷ್ಟೇ. ಜಾತ್ರೆ ಅಂದ್ರೆ ನಿಮಗೆ ಹೇಳ್ಬೇಕಾ, ಹಂದರಗಂಬ ಪೂಜೆ ಆದ ದಿನದಿಂದ ಊರಿಗೆ ಊರೇ ಬದಲಾಗುತ್ತೆ, ಬೀಗರು ನೆಂಟರು ಮೊದಲು ಹೋಳಿಗೆ ಆಮೇಲೆ ಬಾಡೂಟ, ಮನೆಮುಂದೆ ಪೆಂಡಾಲು. ಆ ಹುಡುಗ ಅದನ್ನೆಲ್ಲ ತಲೇಲಿ ತುಂಬ್ಕೊಂಡು ಬಂದಿದ್ದಾನೆ, ಇಲ್ಲಿ ನೋಡಿದ್ರೆ ಬೀದೀಲಿ ಒಂದು ನಾಯಿ ಮಲಗೈತೆ. ದೇವಸ್ಥಾನಕ್ಕೆ ಕರ್ಕೊಂಡೋಗಿ ದರ್ಶನ ಮಾಡ್ಸಿ, ಒಬ್ಬೊಬ್ಬರಿಗೂ ಮೂರು ಬೆಣ್ಣೆ ದೋಸೆ ತಿನ್ಸಿ ಪ್ರಾಯಶ್ಚಿತ್ತ ಮಾಡ್ಕೊಂಡೆ.

ಅವತ್ತು ಸಂಜೆ ನಮ್ಮನೆಯವ್ರು ಒಂದು ಮಾತು ಅಂದ್ರು: "ಎರಡು ವರ್ಷಕ್ಕೊಂದ್ಸಲ ಅಂತ ಬರೆಯೋಕೆ ಏನಾಗಿತ್ರಿ ನಿಮಗೆ?" ನಾನು ಈ ಉಪನ್ಯಾಸ ಕೊಡ್ತಿರೋದೇ ಆ ಮಾತಿಗೋಸ್ಕರ. ಅದರಲ್ಲಿ 'ಕ್ಕೆ' ಎಲ್ಲಿ ಕೂತೈತೆ ನೋಡ್ರಿ. 'ವರ್ಷಕ್ಕೆ ಎರಡು ಸಲ', 'ಎರಡು ವರ್ಷಕ್ಕೆ ಒಂದು ಸಲ'. ಯಾವುದರ ಬೆನ್ನಿಗೆ 'ಕ್ಕೆ' ಹತ್ತುತ್ತೋ ಅದೇ ಅಳತೆಗೋಲು, ಉಳಿದಿದ್ದು ಎಣಿಕೆ. ಮೂರನೇ ಕ್ಲಾಸ್ ಹುಡುಗನೂ ಇದನ್ನ ತಪ್ಪಲ್ಲ. ಇಂಗ್ಲಿಷ್ 'ಬೈ'ಗೆ ಅಂಥ ಬಾಲ ಇಲ್ಲ, ಎರಡು ಅನ್ನೋದು ವರ್ಷಕ್ಕೆ ಸೇರಿದ್ದೋ ಸಲಕ್ಕೆ ಸೇರಿದ್ದೋ ಅದು ಬಾಯೇ ಬಿಡಲ್ಲ.

ಬೈಆನ್ಯುಯಲ್ಲಿಗಾದ್ರೂ ಬೈಎನಿಯಲ್ ಅಂತ ಬೇರೆ ಪದ ಐತೆ. ರಾಜ್ಯಸಭೆಗೆ, ನಮ್ಮ ವಿಧಾನ ಪರಿಷತ್ತಿಗೆ ಮೂರರಲ್ಲೊಂದು ಭಾಗ ಸದಸ್ಯರು ಎರಡು ವರ್ಷಕ್ಕೊಮ್ಮೆ ನಿವೃತ್ತಿ ಆಗ್ತಾರಲ್ಲ, ಆ ಚುನಾವಣೆ ಬೈಎನಿಯಲ್. ಕೊಚ್ಚಿಯಲ್ಲಿ 2012ರಲ್ಲಿ ಶುರುವಾದ ಕಲಾ ಪ್ರದರ್ಶನದ ಹೆಸರಲ್ಲಿರೋ ಬಿಯೆನಾಲೆನೂ ಅದೇ ಪದದ ಇಟಾಲಿಯನ್ ರೂಪ. ನಮ್ಮ ಚಿತ್ರದುರ್ಗದ ಕಡೆ ಬೆಳೆಯೋ ಈರುಳ್ಳಿನೂ ಸಸ್ಯಶಾಸ್ತ್ರದ ಪ್ರಕಾರ ಬೈಎನಿಯಲ್ಲೇ, ಮೊದಲು ಗಡ್ಡೆ ಕಟ್ಟುತ್ತೆ, ಗಡ್ಡೆನ ಮುಂದಿನ ಹಂಗಾಮಿಗೆ ಊರಿದ್ರೆ ದಂಟು ಎದ್ದು ಹೂ ಬಿಟ್ಟು ಬೀಜ ಆಗುತ್ತೆ. ಇದನ್ನ ಓದಿ ನನ್ ಶಿಷ್ಯನೊಬ್ಬ ಪರೀಕ್ಷೇಲಿ 'ಈರುಳ್ಳಿ ವರ್ಷಕ್ಕೆ ಎರಡು ಸಲ ಬೆಳೆ ಕೊಡುತ್ತದೆ' ಅಂತ ಬರೆದಿದ್ದ. ಅವರಪ್ಪ ಈರುಳ್ಳಿ ಬೆಳೆಗಾರ, ಕೇಳಿ ನಕ್ಕು ಅಂದ್ರು, "ಎರಡು ಸಲ ಕೊಟ್ರೆ ಎರಡು ಸಲ ರೇಟ್ ಬೀಳುತ್ತೆ ಸಾರ್, ಒಂದೇ ಸಾಕು."

ಬೈಮಂತ್ಲಿ, ಬೈವೀಕ್ಲಿ ಇನ್ನೂ ಕಷ್ಟ, ಒಂದೇ ಪದಕ್ಕೆ ಎರಡೂ ಅರ್ಥ, ಡಿಕ್ಷನರಿ ತೆಗೆದ್ರೆ ಎರಡನ್ನೂ ಕೊಟ್ಟು ಕೈತೊಳ್ಕೊಳ್ಳುತ್ತೆ. ರಿಸರ್ವ್ ಬ್ಯಾಂಕ್ ಬೈಮಂತ್ಲಿ ಹಣಕಾಸು ನೀತಿ ಅಂದ್ರೆ ಎರಡು ತಿಂಗಳಿಗೊಮ್ಮೆ, ವರ್ಷಕ್ಕೆ ಆರು. ಅಮೆರಿಕದಲ್ಲಿ ಬೈವೀಕ್ಲಿ ಸಂಬಳ ಅಂದ್ರೆ ಎರಡು ವಾರಕ್ಕೊಮ್ಮೆ, ವರ್ಷಕ್ಕೆ 26 ಸಲ. ತಿಂಗಳಿಗೆ ಎರಡು ಸಲ ಕೊಟ್ರೆ ಅದು ಸೆಮಿಮಂತ್ಲಿ, 24 ಸಲ. ಡಾಕ್ಟ್ರ ಚೀಟಿಯಲ್ಲಿ ಇಂಗ್ಲಿಷಲ್ಲಿ 'ಬಿ.ಡಿ.' (BD) ಅಂತ ಇರುತ್ತಲ್ಲ, ಅದು 'ಬಿಸ್ ಇನ್ ಡೀಯೆ' ಅನ್ನೋ ಲ್ಯಾಟಿನ್ ಮಾತು, ದಿನಕ್ಕೆ ಎರಡು ಸಲ. ಅದನ್ನ ಯಾರಾದ್ರೂ ಎರಡು ದಿನಕ್ಕೊಂದು ಅಂತ ನುಂಗಿದ್ರೆ ಜ್ವರ ಎಲ್ಲಿ ಬಿಡುತ್ತೆ? ಇಲ್ಲೂ ನೋಡ್ರಿ, ಮತ್ತೆ ಅದೇ 'ಕ್ಕೆ', ದಿನಕ್ಕೆ ಎರಡು, ಎರಡು ದಿನಕ್ಕೆ ಒಂದು. ಮೆಡಿಕಲ್ ಶಾಪಿನ ಹುಡುಗ ಕವರ್ ಮೇಲೆ ಬೆಳಿಗ್ಗೆ ಒಂದು ರಾತ್ರಿ ಒಂದು ಅಂತ ಗೀಚಿ ಕೊಡ್ತಾನಲ್ಲ, ಪುಣ್ಯಾತ್ಮ.

ಅಧ್ಯಕ್ಷರು ಚೀಟಿ ಕಳ್ಸಿದಾರೆ, 'ಎರಡು ನಿಮಿಷ' ಅಂತ. ಆಯ್ತು. ಫೋರ್ಟ್‌ನೈಟ್ ಬಗ್ಗೆ ಹೇಳ್ಬೇಕಂತ ಇತ್ತು, ಹದಿನಾಲ್ಕು ರಾತ್ರಿ ಅನ್ನೋ ಹಳೇ ಇಂಗ್ಲಿಷ್ ಮಾತು ಸವೆದು ಆಗಿರೋದು, ನಮ್ಮ ಪಂಚಾಂಗದ ಪಕ್ಷದ ಹತ್ತಿರದ ಸಂಬಂಧಿ, ಬೈವೀಕ್ಲಿ ಬದಲು ಅದನ್ನೇ ಬಳಸಿದ್ರೆ ಅರ್ಧ ಜಗಳ ಹೋಗುತ್ತೆ. ನಮ್ಮಲ್ಲಿ ಪಾಕ್ಷಿಕ, ದ್ವೈಮಾಸಿಕ ಅಂತ ಇದಾವೆ. ಸರ್ಕಾರಿ ಸುತ್ತೋಲೆಗಳ ವಿಷಯ ಬಿಟ್ಬಿಡ್ತೀನಿ, ಅದಕ್ಕೆ ಇನ್ನೊಂದು ದಿನ ಬೇಕು.

ಆ ಹುಡುಗ ಬಿಟ್ಟಿಲ್ಲ. 2026ರ ಜಾತ್ರೆಗೆ ಬರ್ತೀನಿ, ತಾರೀಖು ಹೇಳಿ ಅಂತ ಮೊನ್ನೆ ಮೆಸೇಜ್ ಹಾಕಿದ್ದ. ನಾನು ಬರೆಯೋಕೆ ಹೋದೆ, ನಮ್ಮನೆಯವ್ರು ಫೋನ್ ಕಿತ್ಕೊಂಡ್ರು. ಅವರೇ ಟೈಪ್ ಮಾಡ್ತಾರಂತೆ.

ಚೀಟಿ ಇನ್ನೊಂದು ಬಂತು. ಹೊರಗೆ ಮಂಡಕ್ಕಿಗೆ ಈರುಳ್ಳಿ ಹಾಕಿ ಕಲ್ಸಿದಾರಂತೆ, ತಡ ಆದ್ರೆ ಮೆತ್ತಗಾಗುತ್ತೆ, ಏಳ್ರಿ ಏಳ್ರಿ.