ವ್ಯಾಲಿಯಂಟ್‌ಗೆ ಕಿಕ್‌ಡೌನ್: ರಾಡ್ ಇರಲಾ, ಕೇಬಲ್ ಹಾಕಲಾ?

ನಮಸ್ಕಾರ, ಹೇಗಿದ್ದೀರಿ ಎಲ್ಲರೂ? ಗೋಣಿಕೊಪ್ಪದ ಹತ್ತಿರ, ಚಿಕ್ಕಪ್ಪನ ತೋಟದ ಮನೆಯಲ್ಲಿದ್ದೇನೆ. ಕಾರು 1966ರ ಪ್ಲಿಮತ್ ವ್ಯಾಲಿಯಂಟ್. ಹಳೇ ಆರು ಸಿಲಿಂಡರ್ ಇಂಜಿನ್ ಸ್ಲ್ಯಾಂಟ್ ಸಿಕ್ಸ್ ಹೋಗಿ ಎಂಟು ಸಿಲಿಂಡರಿನ 318 ವಿ8 ಬಂದಿದೆ. ಮೇಲೆ ಗಾಳಿಗೆ ನಾಲ್ಕು ದಾರಿ ಇರುವ ಫೋರ್ ಬ್ಯಾರೆಲ್ ಕಾರ್ಬುರೇಟರ್, ಹಿಂದೆ 904 ಟಾರ್ಕ್‌ಫ್ಲೈಟ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಇವತ್ತಿನ ವಿಡಿಯೋದಲ್ಲಿ ಬರೀ ಕಿಕ್‌ಡೌನ್ ಲಿಂಕೇಜ್ ಕೆಲಸ, ಅಂದರೆ ಕಾರ್ಬುರೇಟರಿಂದ ಗೇರ್‌ಬಾಕ್ಸ್ ಲಿವರಿಗೆ ಹೋಗುವ ರಾಡ್ ಅಥವಾ ಕೇಬಲ್.

ಗೇರ್‌ಬಾಕ್ಸ್ ಪಕ್ಕದಲ್ಲಿ ಈ ಚಿಕ್ಕ ಲಿವರ್ ಕಾಣುತ್ತಾ? ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಅಂತ ಗೇರ್‌ಬಾಕ್ಸ್‌ಗೆ ಗೊತ್ತಾಗುವುದು ಇದರಿಂದಲೇ. ಹೆಸರು ಕಿಕ್‌ಡೌನ್ ಅಂತಿದ್ದರೂ ಓವರ್‌ಟೇಕ್ ಮಾಡುವಾಗ ಗೇರ್ ಇಳಿಸುವುದಷ್ಟೇ ಇದರ ಕೆಲಸ ಅಲ್ಲ. ಒಳಗಿನ ಆಯಿಲ್ ಪ್ರೆಷರ್ ಕೂಡ ಇದರ ಮೇಲೇ ನಿಂತಿದೆ. "ಅದನ್ನು ಕಟ್ಟದೇ ಬಿಡಿ, ಕಾರು ಓಡುತ್ತೆ" ಅನ್ನುವವರ ಮಾತು ದಯವಿಟ್ಟು ಕೇಳಬೇಡಿ. ಓಡುತ್ತೆ, ನಿಜ. ಸಣ್ಣ ಸ್ಪೀಡಲ್ಲೇ ಮೂರನೇ ಗೇರಿಗೆ ಹೋಗುತ್ತೆ, ಪ್ರೆಷರ್ ಸಾಲದೆ ಗೇರ್‌ಬಾಕ್ಸ್ ಒಳಗಿನ ಕ್ಲಚ್ ಜಾರುತ್ತೆ, ಸುಡುತ್ತೆ. ಷೆವರ್ಲೆಯ ಟರ್ಬೋ 350 ಗೇರ್‌ಬಾಕ್ಸ್ ಬೇರೆ. ಅದರಲ್ಲಿ ಪ್ರೆಷರ್ ನೋಡಿಕೊಳ್ಳುವುದಕ್ಕೆ ಇಂಜಿನ್ ಗಾಳಿ ಎಳೆತದಿಂದ ನಡೆಯುವ ವ್ಯಾಕ್ಯೂಮ್ ಮಾಡ್ಯುಲೇಟರ್ ಇದೆ, ಕೇಬಲ್ ಬರೀ ಕಿಕ್‌ಡೌನ್‌ಗೆ. ಟರ್ಬೋ 400ರಲ್ಲಿ ಕಿಕ್‌ಡೌನ್‌ಗೆ ಕೇಬಲ್ಲೂ ಇಲ್ಲ, ಕರೆಂಟ್ ಸ್ವಿಚ್. ಅದನ್ನು ನೋಡಿ ಇದಕ್ಕೆ ಬುದ್ಧಿ ಹೇಳಬಾರದು.

ನಿನ್ನೆವರೆಗೂ ನಾನು ಕಂಪನಿ ರಾಡೇ ಸರಿ ಅಂತಿದ್ದೆ. ಕಬ್ಬಿಣದ ರಾಡ್ ಹಿಗ್ಗಲ್ಲ, ಬಿಸಿಗೆ ಕರಗಲ್ಲ. ಆದರೆ ಈ ರಾಡ್ ಟೂ ಬ್ಯಾರೆಲ್ ಕಾರ್ಬುರೇಟರ್ ಲೆಕ್ಕಕ್ಕೆ ಮಾಡಿದ್ದು. ಗಾಳಿ, ಪೆಟ್ರೋಲನ್ನು ಇಂಜಿನ್ನಿಗೆ ಒಯ್ಯುವ ಹೊಸ ಮ್ಯಾನಿಫೋಲ್ಡ್ ಮೇಲೆ ಕಾರ್ಬುರೇಟರ್ ಎತ್ತರಕ್ಕೆ ಕೂತಿದೆ, ಅದರ ಲಿವರ್ ತಿರುಗುವ ಅಳತೆಯೂ ಬೇರೆ. ಜೊತೆಗೆ ನಡುವಿನ ಬುಷ್ ಸವೆದು ಈ ಪಾಟಿ ಆಟ! ಕೈಲಿ ಅಲ್ಲಾಡಿಸಿ ತೋರಿಸುತ್ತೇನೆ, ನೋಡಿ. ಹಾಗಾಗಿ ಕೇಬಲ್.

ಈ ಕೇಬಲ್ ವಿಷಯ ಹೇಳಲೇಬೇಕು, ಹೊಟ್ಟೆ ಉರಿಯುತ್ತೆ. ಹೊರದೇಶದಿಂದ ತರಿಸಿದ್ದು. ವಸ್ತುವಿನ ಬೆಲೆ ಒಂದಾದರೆ ಸಾಗಾಟ, ಸುಂಕ ಎಲ್ಲ ಸೇರಿ ಅದಕ್ಕಿಂತ ಜಾಸ್ತಿ. ಅದೂ ಪರವಾಗಿಲ್ಲ. ಡಬ್ಬಿ ಬಿಚ್ಚಿದರೆ ಕೇಬಲ್ ಇದೆ, ನಟ್ಟು ಬೋಲ್ಟು ಇದೆ, ಕಾರ್ಬುರೇಟರ್ ಕಡೆಯ ಬ್ರ್ಯಾಕೆಟ್ ಇಲ್ಲ! ಕೇಳಿದರೆ ಅದನ್ನು ಬೇರೆ ಕೊಳ್ಳಬೇಕಂತೆ. ಪುಟದ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದಾರಂತೆ. ಬ್ರ್ಯಾಕೆಟ್ ಇಲ್ಲದ ಕೇಬಲನ್ನು ಯಾರು ಏನು ಮಾಡ್ತಾರೆ ಹೇಳಿ? ಒಂದು ತುಂಡು ತಗಡಿಗೆ ಮತ್ತೆ ಅಷ್ಟು ಸಾಗಾಟ, ಮತ್ತೆ ಸುಂಕ. ನಾನಂತೂ ಕೊಡಲಿಲ್ಲ. ಗೋಣಿಕೊಪ್ಪದ ಲೇತ್ ಅಂಗಡಿ ಅಣ್ಣ ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು, 3 ಮಿ.ಮೀ. ಶೀಟಲ್ಲಿ ಮಾಡಿಕೊಟ್ಟರು. ಅಂಚು ನೋಡಿ, ಒಂದು ಕಡೆಯೂ ಕೈಗೆ ತರಚಲ್ಲ. ಇಂಥ ಕೈ ನಮ್ಮೂರಲ್ಲೇ ಇರುವಾಗ...

ಅಯ್ಯೋ, ಮೋಡ ಬಂತು. ಹಿಂದೆ ಕಣದಲ್ಲಿ ಕಾಣುತ್ತಿರುವುದು ರೋಬಸ್ಟಾ ಕಾಫಿ, ಇನ್ನೂ ಒಣಗಿಲ್ಲ. ಚಿಕ್ಕಮ್ಮ ಕೂಗ್ತಿದ್ದಾರೆ, ಟಾರ್ಪಾಲಿನ್ ಎಳೆಯಬೇಕು. ಈ ವರ್ಷ ಒಣಗಿಸುವುದೇ ದೊಡ್ಡ ತಲೆನೋವು. ಕುಯ್ಲು ಮುಗಿಯೋದಕ್ಕೂ ಮಳೆ ಬರೋದಕ್ಕೂ ಅದೇನು ಒಪ್ಪಂದವೋ!

ಸರಿ, ಅಡ್ಜಸ್ಟ್‌ಮೆಂಟ್‌ಗೆ ಬರೋಣ. ಇಂಜಿನ್ ಆಫ್. ಕಾರ್ಬುರೇಟರ್ ಹತ್ತಿರ ಕೈಯಲ್ಲಿ ಎಳೆದು ನೋಡಬೇಡಿ, ಒಳಗೆ ಕೂತವರು ಪೆಡಲ್ ಒತ್ತಲಿ. ತಮ್ಮ ಪೂರ್ತಿ ತುಳಿದಿದ್ದಾನೆ, ಕಾರ್ಬುರೇಟರಲ್ಲಿ ಗಾಳಿ ಬಿಡುವ ಥ್ರಾಟಲ್ ಪೂರ್ತಿ ತೆರೆದಿದೆ. ಆಗಲೇ ಗೇರ್‌ಬಾಕ್ಸ್ ಲಿವರ್ ಹಿಂದಿನ ಕೊನೆಗೆ ಮುಟ್ಟಬೇಕು. ಬೆರಳಿಟ್ಟು ಇನ್ನೂ ತಳ್ಳಿದರೆ ಸರಿಯುತ್ತೆ ಅಂದರೆ ಕೇಬಲ್ ಸಡಿಲ ಅಂತ ಅರ್ಥ. ಲಿವರ್ ಕೊನೆ ಮುಟ್ಟಿದ ಮೇಲೂ ಪೆಡಲ್ ಇಳಿಯೋದು ಬಾಕಿ ಇದ್ದರೆ ಬಿಗಿ. ಬಿಗಿ ಇದ್ದರೆ ಗೇರ್ ತಡವಾಗಿ, ಧಡ್ ಅಂತ ಬೀಳುತ್ತೆ. ಪೆಡಲ್ ಬಿಟ್ಟಾಗ ಲಿವರ್ ತಾನಾಗಿ ಮುಂದೆ ಬರಬೇಕು, ಅದಕ್ಕೇ ಈ ರಿಟರ್ನ್ ಸ್ಪ್ರಿಂಗ್. ಕೇಬಲ್ ಸೈಲೆನ್ಸರ್ ಪೈಪಿಗೆ ತಾಗದ ಹಾಗೆ ಕ್ಲಿಪ್ ಹಾಕಿದ್ದೇವೆ.

ಈಗ ಓಡಿಸಿ ನೋಡೋಣ, ಮಾಕುಟ್ಟದಿಂದ ಪೆರುಂಬಾಡಿ ಕಡೆಗೆ ಘಾಟಿ ಹತ್ತುತ್ತಿದ್ದೇವೆ. ಮುಂದೆ ಮರದ ಲಾರಿ. ರಸ್ತೆ ನೇರ ಸಿಕ್ಕಿತು, ಪೆಡಲ್ ಒತ್ತಿದೆ. ಕೇಳಿಸ್ತಾ? ಮೂರರಿಂದ ಎರಡಕ್ಕೆ ಬಿತ್ತು, ಜಾರಲಿಲ್ಲ, ಒದೆಯಲಿಲ್ಲ. ಚಿಕ್ಕಪ್ಪನ ಮುಖ ನೋಡಿ!

ಆದರೂ ಹೇಳ್ತೇನೆ, ಈ ಮ್ಯಾನಿಫೋಲ್ಡ್‌ಗೆ ಹೊಂದುವ ರಾಡ್ ಯಾವತ್ತಾದರೂ ಸಿಕ್ಕಿದರೆ ಕೇಬಲ್ ಬಿಚ್ಚಿ ಅದನ್ನೇ ಹಾಕಿಸ್ತೇನೆ. ಮಳೆಗಾಲದ ಕೆಸರಲ್ಲಿ ಕೇಬಲ್ ಎಷ್ಟು ದಿನ ನುಣುಪಾಗಿ ಓಡುತ್ತೋ ನೋಡಬೇಕು. ಮುಂದಿನ ವಿಡಿಯೋದಲ್ಲಿ ಗೇರ್‌ಬಾಕ್ಸ್ ಆಯಿಲ್ ಬಣ್ಣ ತೋರಿಸ್ತೇನೆ. ಬ್ಯಾಟರಿ ಕೆಂಪಾಯಿತು, ಬರ್ತೇನೆ.