ನೀರಿನ ತಳದಲ್ಲಿ ಗಾಳಿ ಕೂಡಿಡುವುದು

ಕೇಳುಗರೇ, ನಮಸ್ಕಾರ.

ನಮ್ಮ ಶಿವಮೊಗ್ಗ ಕಡೆಯವರಿಗೆ ಕರೆಂಟು ಕೂಡಿಡುವುದು ಅಂದರೆ ನೀರು ಕೂಡಿಡುವುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಶರಾವತಿ ಕಣಿವೆಯ ಊರುಗಳು ಮುಳುಗಡೆಯಾದವು. ಈಗ ಕರೆಂಟು ಮಿಕ್ಕಾಗ ಗೇರುಸೊಪ್ಪದಿಂದ ತಲಕಳಲೆಗೆ ನೀರೆತ್ತಿ, ಬೇಕಾದಾಗ ಮತ್ತೆ ಇಳಿಸಿ ಕರೆಂಟು ತೆಗೆಯುವ 2000 ಮೆಗಾವ್ಯಾಟ್ ಯೋಜನೆ ಬಂದಿದೆ. ಅದರ ಜೊತೆ ಸಿಂಗಳೀಕಗಳ ಕಾಡಿನ ಚಿಂತೆಯೂ ಬಂದಿದೆ. ಹಾಗಾಗಿ ಬೇರೆ ದಾರಿಗಳನ್ನೂ ನಾವು ತಿಳಿದಿರಬೇಕು.

ಅಂಥ ಒಂದು ದಾರಿ ಗಾಳಿಯದು. ಬಿಸಿಲಿನ ಹೊತ್ತಿನಲ್ಲಿ ಸೋಲಾರ್ ಕರೆಂಟು ಜಾಸ್ತಿಯಾಗುತ್ತದೆ, ಅಲ್ವಾ? ಅದರಿಂದ ಕಂಪ್ರೆಸರ್ ಓಡಿಸಿ, ಆಳದ ನೀರಿನಲ್ಲಿರುವ ಚೀಲಕ್ಕೆ ಪೈಪಿನ ಮೂಲಕ ಗಾಳಿ ತುಂಬುತ್ತಾರೆ. ಸಂಜೆ ಅದೇ ಗಾಳಿ ವಾಪಸ್ ಬಂದು ಟರ್ಬೈನ್ ತಿರುಗಿಸುತ್ತದೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಚೀಲ. ಅದಕ್ಕೆ ದಪ್ಪ ಉಕ್ಕು ಬೇಡ, ಗಟ್ಟಿ ಬಟ್ಟೆ ಸಾಕು. ಸುತ್ತಲಿನ ನೀರೇ ಗಾಳಿಯನ್ನು ಒತ್ತಿ ಹಿಡಿಯುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು, ಅಂದರೆ ನೆಲದ ಮೇಲೆ ನಮ್ಮ ಸುತ್ತಲಿನ ಗಾಳಿ ಒತ್ತುವಷ್ಟು, ಒತ್ತಡ ಏರುತ್ತದೆ. ಉಕ್ಕಿನ ಟ್ಯಾಂಕಿನಲ್ಲಿ ಗಾಳಿ ಕಡಿಮೆಯಾದಂತೆ ಒತ್ತಡವೂ ಇಳಿಯುತ್ತದೆ. ಇಲ್ಲಿ ಚೀಲ ಅರ್ಧ ಖಾಲಿಯಾದರೂ ಒತ್ತಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸೀಮಸ್ ಗಾರ್ವಿ ಅವರ ತಂಡ 2012ರಲ್ಲಿ ಸ್ಕಾಟ್ಲೆಂಡಿನ ಆರ್ಕ್ನಿ ಬಳಿ ಸಮುದ್ರದಲ್ಲಿ ಇಂಥ ಚೀಲ ಇಳಿಸಿ ನೋಡಿತು. 2015ರಲ್ಲಿ ಕೆನಡಾದ ಹೈಡ್ರೋಸ್ಟಾರ್ ಕಂಪನಿ ಟೊರಾಂಟೊ ಪಕ್ಕದ ಒಂಟಾರಿಯೊ ಸರೋವರದಲ್ಲಿ, ಸುಮಾರು 55 ಮೀಟರ್ ಆಳದಲ್ಲಿ ಪ್ರಯೋಗ ಮಾಡಿತು. ಆಮೇಲೆ ಅದು ನೆಲದಡಿಯ ಬಂಡೆಗುಹೆಗಳ ಕಡೆ ಹೊರಳಿತು.

ಕಷ್ಟಗಳೂ ಇವೆ. ಸೈಕಲ್ ಪಂಪು ಹೊಡೆದಾಗ ಅದು ಬಿಸಿಯಾಗುವ ಹಾಗೆ, ಒತ್ತಿದ ಗಾಳಿಯೂ ಕಾಯುತ್ತದೆ. ಆ ಶಾಖವನ್ನು ಹಿಡಿದಿಡದಿದ್ದರೆ ಅಷ್ಟು ಕರೆಂಟು ಸುಮ್ನೆ ಹೋದಂತೆ. ಇನ್ನು ಒಂದು ಘನ ಮೀಟರ್ ಗಾಳಿ ನೀರಿನಲ್ಲಿ ಸುಮಾರು ಒಂದು ಟನ್ ಬಲದಿಂದ ಮೇಲಕ್ಕೆ ನೂಕುತ್ತದೆ. ಸಾವಿರ ಘನ ಮೀಟರಿನ ಚೀಲವನ್ನು ಕೆಳಗೆ ಹಿಡಿದಿಡಲು ಸಾವಿರ ಟನ್ನಿನಷ್ಟು ಬಲ ಬೇಕು!

ಹಾಗಾದರೆ ಲಿಂಗನಮಕ್ಕಿ ಹಿನ್ನೀರಿಗೆ ಇದು ಆಗುತ್ತದೆಯೇ? ನನ್ನ ಪ್ರಕಾರ ಇಲ್ಲ, ಅಲ್ಲಿನ ನೀರಿನ ಆಳ ಸಾಲದು. 50 ಮೀಟರ್ ಆಳದಲ್ಲಿ ಒಂದು ಘನ ಮೀಟರ್ ಗಾಳಿಯಿಂದ, ಏನೂ ನಷ್ಟವಿಲ್ಲ ಎಂದುಕೊಂಡರೂ, ಒಂದು ಯೂನಿಟ್ಟಿನ ಮೂರನೇ ಒಂದು ಭಾಗವೂ ಸಿಗುವುದಿಲ್ಲ. 500 ಮೀಟರ್ ಆಳದಲ್ಲಾದರೆ ಐದು ಯೂನಿಟ್ಟಿಗಿಂತ ಜಾಸ್ತಿ. ಅದೂ ಅಲ್ಲದೆ, ಬೇಸಿಗೆಯಲ್ಲಿ ಬಿಸಿಲು ಹೆಚ್ಚಿರುವಾಗಲೇ ನಮ್ಮ ಹಿನ್ನೀರು ಇಳಿಯುತ್ತದೆ. ದಡದ ಹತ್ತಿರವೇ ಆಳವಾದ ನೀರಿರುವ ಕಡೆ ಈ ಚೀಲಕ್ಕೆ ಬೆಲೆ.

ಆದರೂ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ನೀರು ತುಂಬಿದ ಹಳೇ ಕಲ್ಲುಕ್ವಾರಿಯಲ್ಲಿ ಒಂದು ಸಣ್ಣ ಚೀಲ ಇಳಿಸಿ ಅಳೆಯಲಿ ಎಂಬ ಆಸೆ ನನಗಿದೆ. ಎಷ್ಟು ಕರೆಂಟು ಹಾಕಿದೆವು, ಎಷ್ಟು ವಾಪಸ್ ಬಂತು, ಶಾಖವಾಗಿ ಎಷ್ಟು ಹೋಯಿತು ಎಂದು ಬರೆದಿಡಲಿ. ಶರಾವತಿ ಯೋಜನೆಯ ಚರ್ಚೆಗೆ ಹೋಗುವಾಗ ಆ ಲೆಕ್ಕವೂ ಅವರ ಕೈಯಲ್ಲಿರಲಿ.

ನಮಸ್ಕಾರ.