ಮಲಗಿದವರ ಕಣ್ಣಿನಿಂದ: ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ

ಕೇಳುಗರೆಲ್ಲರಿಗೂ ನಮಸ್ಕಾರ. ಇಪ್ಪತ್ತನೆಯ ಶತಮಾನದ ವಾಸ್ತುಶಿಲ್ಪದ ಮಾತು ಬಂದಾಗಲೆಲ್ಲ ಗಾಜು, ಉಕ್ಕು, ಕಾಂಕ್ರೀಟು ಎಂದು ಮೂರು ಹೆಸರು ಹೇಳಿ ಮುಗಿಸಿಬಿಡುವ ರೂಢಿಯೊಂದಿದೆ. ಫಿನ್ಲೆಂಡಿನ ಆಲ್ವಾರ್ ಆಲ್ಟೊ ಅವರು ಕಟ್ಟಡ ಕಟ್ಟುವ ಮುನ್ನ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯೇ ಬೇರೆ. ಈ ಕೋಣೆಯಲ್ಲಿ ಇರುವವರು ಯಾರು? ಅವರ ಕಣ್ಣು ಎಲ್ಲಿರುತ್ತದೆ? ನನ್ನ ಇಂದಿನ ಮಾತಿನಲ್ಲಿ ಇದೊಂದನ್ನು ನೀವು ನೆನಪಿಟ್ಟುಕೊಂಡರೆ ನನಗೆ ಸಾಕು.

ಆಲ್ಟೊ ಹುಟ್ಟಿದ್ದು 1898ರ ಫೆಬ್ರವರಿ 3ರಂದು, ಕುವೊರ್ತಾನೆ ಎಂಬ ಊರಿನಲ್ಲಿ. ತಂದೆ ಭೂಮಾಪಕರು. ಅವರು ನಕ್ಷೆ ಬರೆಯುತ್ತಿದ್ದ ದೊಡ್ಡ ಬಿಳಿ ಮೇಜಿನ ಅಡಿಯಲ್ಲೇ ಆಡಿ ಬೆಳೆದುದನ್ನು ಆಲ್ಟೊ ಮುಂದೆ ಪ್ರೀತಿಯಿಂದ ಬರೆದುಕೊಂಡರು. 1921ರಲ್ಲಿ ಹೆಲ್ಸಿಂಕಿಯಲ್ಲಿ ವಾಸ್ತುಶಿಲ್ಪದ ವ್ಯಾಸಂಗ ಮುಗಿಸಿ, ಎರಡು ವರ್ಷಗಳ ಬಳಿಕ ಸ್ವಂತ ಕಚೇರಿ ತೆರೆದರು. 1924ರಲ್ಲಿ ಅವರು ಮದುವೆಯಾದ ಐನೋ ಮಾರ್ಸಿಯೊ ಕೂಡ ವಾಸ್ತುಶಿಲ್ಪಿ. ಆಲ್ಟೊ ಹೆಸರಿನಲ್ಲಿ ನಾವು ಕೊಂಡಾಡುವ ಎಷ್ಟೋ ಕೆಲಸಗಳಲ್ಲಿ ಐನೋ ಅವರ ಪಾಲೂ ಇದೆ. ಇದನ್ನು ಹೇಳದೆ ಮುಂದಕ್ಕೆ ಹೋಗುವವರನ್ನು ಕಂಡರೆ ನನಗೆ ಅಸಮಾಧಾನವಾಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಕಥೆಗೆ ಬರುತ್ತೇನೆ. ಪೈಮಿಯೊ ಎಂಬಲ್ಲಿ, ಪೈನ್ ಮರಗಳ ಕಾಡಿನ ನಡುವೆ, ಕ್ಷಯರೋಗಿಗಳಿಗಾಗಿ ಒಂದು ಆಸ್ಪತ್ರೆ ಕಟ್ಟಬೇಕಿತ್ತು. 1929ರಲ್ಲಿ ಅದರ ವಿನ್ಯಾಸ ಸ್ಪರ್ಧೆಯನ್ನು ಗೆದ್ದಾಗ ಆಲ್ಟೊ ಅವರಿಗೆ ಮೂವತ್ತೊಂದರ ಆಸುಪಾಸು. ಕ್ಷಯಕ್ಕೆ ಆಗ ಔಷಧವಿರಲಿಲ್ಲ. ಬಿಸಿಲು, ಶುದ್ಧ ಗಾಳಿ ಮತ್ತು ತಿಂಗಳುಗಟ್ಟಲೆ ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಅದೇ ಸಮಯದಲ್ಲಿ ತಾವೂ ಕಾಯಿಲೆ ಬಿದ್ದು ಮಲಗಿದ್ದಾಗಿ ಆಲ್ಟೊ ಹೇಳಿಕೊಂಡಿದ್ದಾರೆ. ಹಾಗೆ ಅಂಗಾತ ಮಲಗಿದ್ದಾಗ ಅವರಿಗೆ ಒಂದು ಸತ್ಯ ಹೊಳೆಯಿತು: ಕೋಣೆಗಳನ್ನೆಲ್ಲ ನಿಂತವರಿಗಾಗಿ ಕಟ್ಟುತ್ತಾರೆ, ಮಲಗಿದವರಿಗೆ ಕಾಣುವುದು ಸೂರು ಮಾತ್ರ, ಅದರ ನಡುವೆ ಕಣ್ಣು ಕುಕ್ಕುವ ಒಂದು ದೀಪ.

ಆದ್ದರಿಂದ ಪೈಮಿಯೊದಲ್ಲಿ ರೋಗಿಯ ಕೋಣೆಯ ಸೂರಿಗೆ ಕಣ್ಣಿಗೆ ಹಿತವಾದ ಹಸಿರು ಬಣ್ಣ ಬಳಿದರು. ದೀಪವನ್ನು ಮಲಗಿದವರ ನೋಟಕ್ಕೆ ನೇರವಾಗಿ ಬೀಳದಂತೆ ಇರಿಸಿದರು. ಕೋಣೆಯನ್ನು ಬೆಚ್ಚಗಿಡುವ ಫಲಕವನ್ನು ಸೂರಿನಲ್ಲೇ ಅಳವಡಿಸಿ, ಅದರ ಶಾಖ ತಲೆಯ ಕಡೆಗೆ ಬಾರದೆ ಕಾಲಿನ ಕಡೆಗೆ ಇಳಿಯುವಂತೆ ಮಾಡಿದರು. ಇನ್ನು ಕೈತೊಳೆಯುವ ಬೋಗುಣಿಯನ್ನು ನೋಡಿ. ಕೋಣೆಗೆ ಇಬ್ಬರು ರೋಗಿಗಳು, ಒಬ್ಬೊಬ್ಬರಿಗೂ ಒಂದೊಂದು ಬೋಗುಣಿ. ನಲ್ಲಿಯ ನೀರು ಪಿಂಗಾಣಿಯ ಮೇಲೆ ನೆಟ್ಟಗೆ ಬಿದ್ದರೆ ಸದ್ದಾಗುತ್ತದೆ, ಓರೆಯಾಗಿ ತಾಗಿದರೆ ಸದ್ದಿಲ್ಲದೆ ಜಾರಿ ಇಳಿಯುತ್ತದೆ. ಪಕ್ಕದ ಹಾಸಿಗೆಯವರ ನಿದ್ದೆ ಕೆಡಬಾರದೆಂದು ಆ ಓರೆಯನ್ನು ಲೆಕ್ಕ ಹಾಕಿ ಬೋಗುಣಿಯ ಆಕಾರವನ್ನೇ ಬದಲಿಸಿದರು! ವೈದ್ಯರ ಅಂಗಿಯ ತೋಳು ಸಿಕ್ಕಿಕೊಳ್ಳದ ಹಾಗೆ ಬಾಗಿಲಿನ ಹಿಡಿಯನ್ನು ಬಾಗಿಸಿದರು. ನಾನು ವಿದ್ಯಾರ್ಥಿಗಳಿಗೆ ಆಸ್ಪತ್ರೆಯ ನಕ್ಷೆ ಬರೆಯಲು ಹೇಳುವ ಮುನ್ನ, ತರಗತಿಯ ನೆಲದ ಮೇಲೆ ಹತ್ತು ನಿಮಿಷ ಅಂಗಾತ ಮಲಗಿಸುತ್ತೇನೆ. ಮೊದಲು ನಗುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ದೀಪಕ್ಕೆ ಕೈ ಅಡ್ಡ ಹಿಡಿಯುತ್ತಾರೆ.

ಪೈಮಿಯೊ ಆಸ್ಪತ್ರೆ 1933ರಲ್ಲಿ ಸಿದ್ಧವಾಯಿತು. ಅದಕ್ಕಾಗಿ ರೂಪಿಸಿದ ಕುರ್ಚಿ ಇಂದು ವಸ್ತುಸಂಗ್ರಹಾಲಯಗಳಲ್ಲಿದೆ, ಜನ ಅದರ ಅಂದಕ್ಕೆ ಮಾರುಹೋಗುತ್ತಾರೆ. ದಯವಿಟ್ಟು ಅಂದದಲ್ಲೇ ನಿಂತುಬಿಡಬೇಡಿ. ಉಕ್ಕಿನ ಕೊಳವೆ ಮೈಗೆ ತಣ್ಣಗೆ ತಾಗುತ್ತದೆಂದು ಅದನ್ನು ಬಾಗಿಸಿದ ಬರ್ಚ್ ಮರದ ಪ್ಲೈವುಡ್ಡಿನಲ್ಲಿ ಮಾಡಿದರು, ಒರಗಿದವರ ಉಸಿರಾಟ ಸರಾಗವಾಗುವಷ್ಟು ಬೆನ್ನನ್ನು ಹಿಂದಕ್ಕೆ ಬಾಗಿಸಿದರು. ಅಲ್ಲಿಯೂ ಅದೇ ಪ್ರಶ್ನೆ, ಇದರಲ್ಲಿ ಕೂರುವವರು ಯಾರು?

ಸಮಯ ಕಡಿಮೆಯಿರುವುದರಿಂದ ಉಳಿದುದನ್ನು ಬೇಗ ಹೇಳುತ್ತೇನೆ. ಇಟ್ಟಿಗೆಯಲ್ಲಿ ಕಟ್ಟಿದ ಸಾಯ್ನಾತ್ಸಾಲೊ ಪುರಭವನ 1952ರಲ್ಲಿ, ಹೆಲ್ಸಿಂಕಿಯ ಫಿನ್ಲಾಂಡಿಯಾ ಸಭಾಂಗಣ 1971ರಲ್ಲಿ ಮುಗಿದವು. ಐನೋ 1949ರಲ್ಲಿ ತೀರಿಕೊಂಡರು, ಆಲ್ಟೊ 1976ರಲ್ಲಿ. ಆದರೆ 1935ರ ವೀಪುರಿ ಗ್ರಂಥಾಲಯವನ್ನು ಮಾತ್ರ ಹಾಗೆ ದಾಟಿಹೋಗಲಾರೆ. ಅಲ್ಲಿ ಅವರು ಯೋಚಿಸಿದ್ದು ಪುಟದ ಮೇಲೆ ಬಗ್ಗಿದ ಕಣ್ಣನ್ನು. ಓದುವ ಕೋಣೆಯ ಚಾವಣಿಯಲ್ಲಿ 57 ದುಂಡು ಬೆಳಕಿಂಡಿಗಳಿವೆ. ಅವು ಎಷ್ಟು ಆಳವೆಂದರೆ ಬಿಸಿಲು ನೇರವಾಗಿ ಒಳಗೆ ಬೀಳದು, ಬದಿಗೆ ತಾಗಿ ಚದುರಿ ಮೆಲ್ಲಗೆ ಇಳಿಯುತ್ತದೆ, ಓದುವವರ ತಲೆಯ ನೆರಳು ಪುಟವನ್ನು ಮುಚ್ಚುವುದಿಲ್ಲ. ಯುದ್ಧದಲ್ಲಿ ಆ ನಗರ ಫಿನ್ಲೆಂಡಿನ ಕೈತಪ್ಪಿತು, ಗ್ರಂಥಾಲಯ ವರ್ಷಗಟ್ಟಲೆ ಪಾಳುಬಿದ್ದಿತ್ತು. ಈಗ ರಷ್ಯಾಕ್ಕೆ ಸೇರಿರುವ ಅದರ ಜೀರ್ಣೋದ್ಧಾರ 2013ರಲ್ಲಿ ಪೂರ್ಣಗೊಂಡು, ಆ ಬೆಳಕಿಂಡಿಗಳ ಕೆಳಗೆ ಮತ್ತೆ ಓದುಗರು ಕುಳಿತರು. ನಮಸ್ಕಾರ.